ಜಿಪ್ಸಿಗೆ ಹೆಡ್ ಫೇಸಿಂಗ್, ಹೊಸ ಕ್ಯಾಮ್: ಜೋಡಿಸುವ ಮೊದಲು ಯಾವ್ಯಾವ ಗ್ಯಾಪ್ ಅಳೆಯಬೇಕು?

ತುಂಗಾತೀರ, ತೀರ್ಥಹಳ್ಳಿ

ಮಾರುತಿ ಜಿಪ್ಸಿ ಕಿಂಗ್, 1298 ಸಿಸಿ, 16 ವಾಲ್ವಿನ ಜಿ13ಬಿಬಿ ಎಂಜಿನ್. ಸದ್ಯ ಪೂರ್ತಿ ಬಿಚ್ಚಿ ಮೇಜಿನ ಮೇಲಿದೆ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಸವೆದಿರುವುದರಿಂದ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹೇಗೂ ಬೇಕು. ಅದರ ಜತೆಗೇ ಹೆಡ್ಡಿನ (ಸಿಲಿಂಡರಿನ ಮೇಲ್ಮುಚ್ಚಳ) ತಳವನ್ನು ಅರ್ಧ ಮಿ.ಮೀ. ತೆಗೆಸಿ, ಅಂದರೆ ಫೇಸಿಂಗ್ ಮಾಡಿಸಿ, ಲಿಫ್ಟ್ ಜಾಸ್ತಿ ಇರುವ, ಅಂದರೆ ವಾಲ್ವನ್ನು ಹೆಚ್ಚು ತೆರೆಯುವ ಕ್ಯಾಮ್ ಕೂರಿಸೋಣ ಅಂತ ಲೆಕ್ಕಾಚಾರ. ಬೇಸಿಗೆಯಲ್ಲಿ ಒಂದೆರಡು ಆಟೋಕ್ರಾಸ್, ಉಳಿದ ದಿನ ತೋಟದ ರಸ್ತೆ ಮತ್ತು ಆಗುಂಬೆ ಘಾಟಿ.

“ಅರ್ಧ ಎಂಎಂಗೆ ಎಂತದೂ ಆಗಲ್ಲ, ಹಾಕಿ ಓಡಿಸಿ” ಅನ್ನುವವರೇ ಜಾಸ್ತಿ. ಫೇಸಿಂಗ್ ಮಾಡಿದರೆ ಪಿಸ್ಟನ್‌ಗೂ ಹೆಡ್ಡಿಗೂ ನಡುವಿನ ಸ್ಕ್ವಿಶ್ ಗ್ಯಾಪ್ ಕಡಿಮೆಯಾಗಿ ತಾಗುವುದಿಲ್ಲವೇ? ವಾಲ್ವ್ ಕಥೆ ಏನು? ಯಾವುದನ್ನು ಮೊದಲು ಅಳೆಯಬೇಕು? ಕೈಯಲ್ಲಿರುವುದು ಫಿಲ್ಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), ವರ್ನಿಯರ್, ಒಂದು ಡಯಲ್ ಗೇಜ್, ಟಾರ್ಕ್ ಪಾನಾ. ಇನ್ನೊಂದು ಮಾತು: ಈ ಗಾಡಿ ಹಿಂದೊಮ್ಮೆ ಹಳ್ಳ ದಾಟುವಾಗ ನೀರು ಎಳೆದು ನಿಂತಿತ್ತು.

ಬೋರ್‌ಗೇಜ್, ಶಿವಮೊಗ್ಗ

ಕೊನೆಯ ಸಾಲನ್ನು ಮೊದಲ ಸಾಲಲ್ಲಿ ಬರೆಯಬೇಕಿತ್ತು ಮಾರಾಯ್ರೆ. ನೀರು ಎಳೆದ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಸೇರಿಸುವ ಕೋಲು) ಕಣ್ಣಿಗೆ ಕಾಣದಷ್ಟು ಬಾಗಿರಬಹುದು. ರಾಡ್ ಬಾಗಿದರೆ ಗಿಡ್ಡವಾಗುತ್ತದೆ, ಆ ಪಿಸ್ಟನ್ ಉಳಿದವುಗಳಷ್ಟು ಮೇಲೆ ಬರುವುದಿಲ್ಲ. ಹಾಗಾಗಿ ಬ್ಲಾಕನ್ನು ಬೋರಿಂಗಿಗೆ ಕಳಿಸುವ ಮೊದಲೇ ಹಳೆ ಪಿಸ್ಟನ್ ಹಾಕಿ ನಾಲ್ಕರ ಎತ್ತರವನ್ನೂ ನೋಡಿ. ಡಯಲ್ ಗೇಜಿನ ಮುಳ್ಳನ್ನು ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಹೋಗುವ ದಿಕ್ಕಿನಲ್ಲೇ ಇಡಬೇಕು. ಅಡ್ಡ ದಿಕ್ಕಿನಲ್ಲಿ ಇಟ್ಟರೆ ಪಿಸ್ಟನ್ ವಾಲಾಡುತ್ತದೆ, ಓದುವ ಅಂಕಿ ಪ್ರತಿ ಸಲ ಬೇರೆ. ನಾಲ್ಕರ ನಡುವೆ 0.1 ಮಿ.ಮೀ. ಮೀರಿದ ವ್ಯತ್ಯಾಸ ಬಂದರೆ ಆ ರಾಡನ್ನು ಬಿಚ್ಚಿ ನೆಟ್ಟಗಿದೆಯೇ ಅಂತ ಪರೀಕ್ಷೆ ಮಾಡಿಸಿ. ಬಾಗಿದ್ದನ್ನು ಒತ್ತಿ ನೆಟ್ಟಗೆ ಮಾಡಿಸುವವರೂ ಇದ್ದಾರೆ, 6000 ಆರ್‌ಪಿಎಂ ತಿರುಗಿಸುವ ಎಂಜಿನ್ನಿಗೆ ಅದು ಬೇಡ.

ಸ್ಕ್ವಿಶ್ ಬಗ್ಗೆ: ಹೆಡ್ ಫೇಸಿಂಗಿನಿಂದ ಅದು ಕಡಿಮೆಯಾಗುವುದಿಲ್ಲ. ಹೆಡ್ಡಿನ ಚಪ್ಪಟೆ ಭಾಗ ಎಷ್ಟು ತೆಗೆದರೂ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ) ಮೇಲೇ ಕೂರುತ್ತದೆ, ಕಡಿಮೆಯಾಗುವುದು ಹೆಡ್ಡಿನಲ್ಲಿ ಇಂಧನ ಉರಿಯುವ ಗುಳಿಯ, ಅಂದರೆ ಚೇಂಬರಿನ ಆಳ ಮಾತ್ರ. ಸ್ಕ್ವಿಶ್ ತೀರ್ಮಾನವಾಗುವುದು ಪಿಸ್ಟನ್ ಎತ್ತರ ಮತ್ತು ಒತ್ತಿದ ಗ್ಯಾಸ್ಕೆಟ್ಟಿನ ದಪ್ಪದಿಂದ. 1.5 ಅಥವಾ 2 ಮಿ.ಮೀ. ಬೆಸುಗೆ ಸೀಸದ ತಂತಿಯ ಎರಡು ತುಂಡನ್ನು ಪಿನ್ನಿನ ದಿಕ್ಕಿನ ಎರಡೂ ತುದಿಯಲ್ಲಿ ಗ್ರೀಸ್ ಹಚ್ಚಿ ಅಂಟಿಸಿ, ಹೆಡ್ ಟಾರ್ಕ್ ಮಾಡಿ, ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಅಳೆಯಿರಿ. 1 ಮಿ.ಮೀ. ಆಸುಪಾಸು ಚೆನ್ನ. 0.8ಕ್ಕಿಂತ ಇಳಿದರೆ ಕಾರ್ಬನ್ ಕೂತ ಮೇಲೆ ಬಡಿಯುವ ಭಯ. 1.5 ದಾಟಿದರೆ ಸ್ಕ್ವಿಶ್ ಇದ್ದೂ ಇಲ್ಲದ ಹಾಗೆ, ಘಾಟಿ ಏರುವಾಗ ಸೆಕೆಂಡ್ ಗೇರಿನಲ್ಲಿ ಟಿಕ್ ಟಿಕ್ ಅಂತ ನಾಕ್ (ಇಂಧನ ಹತೋಟಿ ತಪ್ಪಿ ಉರಿದು ಬಡಿಯುವ ಸದ್ದು) ಶುರು.

ಕಂಪ್ರೆಷನ್, ಅಂದರೆ ಒಳಗಿನ ಮಿಶ್ರಣ ಎಷ್ಟು ಪಟ್ಟು ಒತ್ತಿಕೊಳ್ಳುತ್ತದೆ ಅನ್ನುವ ಲೆಕ್ಕ ಹೀಗೆ. ಸ್ಟಾಕ್ ಬೋರ್ 74, ಸ್ಟ್ರೋಕ್ 75.5, ಅಂದರೆ ಒಂದು ಸಿಲಿಂಡರಿಗೆ 324.7 ಸಿಸಿ. ಈಗಿನದು 9:1 ಅಂತ ಹಿಡಿದರೆ ಮೇಲೆ ಉಳಿಯುವ ಜಾಗ 40.6 ಸಿಸಿ. 74.5 ಬೋರಿಗೆ 329 ಸಿಸಿ. ಚೇಂಬರ್ ಬಾಯಿ 35 ಚದರ ಸೆಂ.ಮೀ. ಇದ್ದರೆ ಅರ್ಧ ಮಿ.ಮೀ. ಫೇಸಿಂಗಿಗೆ 1.75 ಸಿಸಿ ಹೋಗುತ್ತದೆ, ಅನುಪಾತ ಸುಮಾರು 9.5:1 ಆಗುತ್ತದೆ. ಇದು ಅಂದಾಜು. ಚೇಂಬರಿನ ಮೇಲೆ ಗ್ರೀಸ್ ಹಚ್ಚಿದ ಅಕ್ರಿಲಿಕ್ ಹಲಗೆ ಇಟ್ಟು, ಸಣ್ಣ ತೂತಿನಿಂದ ಸಿರಿಂಜಿನಲ್ಲಿ ತೆಳು ಎಣ್ಣೆ ತುಂಬಿದರೆ ನಿಮ್ಮ ಹೆಡ್ಡಿನ ನಿಜವಾದ ಸಿಸಿ ಸಿಗುತ್ತದೆ.

ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದಿ): ಬೋರಿಂಗ್, ಹೋನಿಂಗ್ (ಬೋರಿನ ಗೋಡೆ ಉಜ್ಜಿ ನಯ ಮಾಡುವುದು) ಆಗಿ ಬಂದ ಮೇಲೆ ರಿಂಗನ್ನು ಬೋರಿನೊಳಗಿಟ್ಟು ತಲೆಕೆಳಗು ಪಿಸ್ಟನ್‌ನಿಂದ 25 ಮಿ.ಮೀ. ತಳ್ಳಿ ಸಮ ಮಾಡಿ, ಆಮೇಲೆ ಫಿಲ್ಲರ್. ಟಾಪ್ ರಿಂಗಿಗೆ ಬೋರಿನ ಸಾವಿರಕ್ಕೆ ನಾಲ್ಕು, ಅಂದರೆ 74.5ಕ್ಕೆ 0.30 ಮಿ.ಮೀ. ಎರಡನೆಯದಕ್ಕೆ 0.35. ಡಬ್ಬದಿಂದ ತೆಗೆದ ಹಾಗೇ ಹಾಕಬಾರದು. ಗ್ಯಾಪ್ ಸಾಲದಿದ್ದರೆ ಬಿಸಿಗೆ ಎರಡು ತುದಿ ಕೂಡಿ, ಬೋರ್ ಗೀರುತ್ತದೆ, ಇಲ್ಲವೇ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನ ಅಂಚು ಮುರಿಯುತ್ತದೆ. ಅದೇ ರಿಂಗನ್ನು ಬೋರಿನ ಕೆಳಗೂ ಇಟ್ಟು ನೋಡಿ: ಗ್ಯಾಪಿನ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ಎಷ್ಟು ಇಳಿಜಾರಾಗಿದೆ ಅಂತ ಗೊತ್ತಾಗುತ್ತದೆ. ಬೋರ್‌ಗೇಜ್ ಇಲ್ಲದವರಿಗೆ ಅಂಗಡಿಯ ಕೆಲಸ ಪರೀಕ್ಷಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ರಾಡ್ ಮೆಟಲ್ (ರಾಡಿನ ಕೆಳತುದಿಯ ಬೇರಿಂಗ್) ಸಂದಿ ಅಳೆಯಲು ಪ್ಲಾಸ್ಟಿಗೇಜ್ (ಒತ್ತಿದರೆ ಚಪ್ಪಟೆಯಾಗುವ ಪ್ಲಾಸ್ಟಿಕ್ ಎಳೆ) ಸಾಕು. ಎಣ್ಣೆ ಪೂರ್ತಿ ಒರೆಸಿ, ಎಳೆ ಇಟ್ಟು, ಟಾರ್ಕ್ ಮಾಡಿ. ಕ್ರ್ಯಾಂಕ್ ಕದಲಿಸಿದರೆ ಎಳೆ ಹರಡಿ ಅಳತೆ ಕೆಡುತ್ತದೆ. 42 ಮಿ.ಮೀ. ಕ್ರ್ಯಾಂಕ್ ಪಿನ್ನಿಗೆ 0.04ರ ಹತ್ತಿರ ಬಂದರೆ ನೆಮ್ಮದಿ. ಕ್ರ್ಯಾಂಕಿನ ಹಿಂದೆ ಮುಂದೆ ಪ್ಲೇ 0.1ರಿಂದ 0.3ರೊಳಗೆ ಇರಲಿ.

ಕೆಮ್ಮಣ್ಣು, ಕೊಪ್ಪ

ವಾಲ್ವ್ ವಿಷಯ ಬಿಟ್ಟುಹೋಗಿದೆ, ಎಂಜಿನ್ ಒಡೆಯುವುದು ಅಲ್ಲೇ.

ಕ್ಯಾಮ್ ಮಾರುವವರು ಕೊಡುವ ಲಿಫ್ಟ್ ಅಂಕಿ ನೋಡಿ ಸಮಾಧಾನ ಪಡಬೇಡಿ. ಪಿಸ್ಟನ್ ಮತ್ತು ವಾಲ್ವ್ ಹತ್ತಿರ ಬರುವುದು ಫುಲ್ ಲಿಫ್ಟಿನಲ್ಲಿ ಅಲ್ಲ. ಓವರ್‌ಲ್ಯಾಪಿನ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ) ಹೊತ್ತಿನಲ್ಲಿ ಎಕ್ಸಾಸ್ಟ್ ವಾಲ್ವ್ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬರುವ ಬಿಂದು) 10–15 ಡಿಗ್ರಿ ಮೊದಲು, ಇನ್‌ಟೇಕ್ ಅಷ್ಟೇ ಡಿಗ್ರಿ ಆದ ಮೇಲೆ. ಇನ್‌ಟೇಕಿಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟಿಗೆ 2.5 ಬೇಕು. ಎಕ್ಸಾಸ್ಟಿಗೆ ಯಾಕೆ ಜಾಸ್ತಿ ಅಂದರೆ, ಅದು ಮುಚ್ಚುತ್ತಿರುವಾಗ ಪಿಸ್ಟನ್ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ. ಸ್ಪ್ರಿಂಗ್ ಸ್ವಲ್ಪ ಸೋತು ವಾಲ್ವ್ ತಡವಾದರೆ ನೇರ ಏಟು. ಬಿಸಿಗೆ ಉದ್ದವಾಗುವುದೂ ಅದೇ ಜಾಸ್ತಿ.

ಅಳೆಯುವುದು: 1 ಮತ್ತು 4ನೇ ಪಿಸ್ಟನ್ ಮೇಲೆ ಮಕ್ಕಳು ಆಡುವ ಕ್ಲೇ ಪಟ್ಟಿ ಇಟ್ಟು, ವಾಲ್ವಿಗೆ ಎಣ್ಣೆ ಸವರಿ, ಮೊದಲೇ ಒತ್ತಿದ ಹಳೆ ಗ್ಯಾಸ್ಕೆಟ್ ಹಾಕಿ ಹೆಡ್ ಟಾರ್ಕ್ ಮಾಡಿ. ಕ್ಯಾಮ್ ತಿರುಗಿಸುವ ಬೆಲ್ಟ್ ಹಾಕಿ, ಟ್ಯಾಪೆಟ್ ಸರಿ ಮಾಡಿ, ಪಾನಾದಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿ ತಾಗಿದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಬಿಚ್ಚಿ, ಕ್ಲೇಯನ್ನು ಬ್ಲೇಡಿನಿಂದ ಕತ್ತರಿಸಿ ತೆಳ್ಳಗಿನ ಜಾಗ ಅಳೆಯಿರಿ. ಕ್ಲೇ ಇಲ್ಲ ಅಂತ ಮೈದಾ ಹಿಟ್ಟು ಕಲಸಿ ಇಡಬೇಡಿ, ಒತ್ತಿದ ಮೇಲೆ ಮತ್ತೆ ಉಬ್ಬುತ್ತದೆ.

ಹಾಗೇ ಫುಲ್ ಲಿಫ್ಟಿನಲ್ಲಿ ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ಕೂಡುವುದಕ್ಕೆ ಇನ್ನೂ 1.5 ಮಿ.ಮೀ. ಉಳಿದಿರಬೇಕು. ರಿಟೇನರಿನ (ಸ್ಪ್ರಿಂಗ್ ಮೇಲಿನ ತಟ್ಟೆ) ತಳಕ್ಕೂ ವಾಲ್ವ್ ಸೀಲಿಗೂ ಅಷ್ಟೇ ಇರಲಿ. ಇದನ್ನು ನೋಡದೆ ಹೈ ಲಿಫ್ಟ್ ಕ್ಯಾಮ್ ಹಾಕಿದರೆ ಸೀಲ್ ಪುಡಿಯಾಗಿ ಎಣ್ಣೆ ಕುಡಿಯುವ ಎಂಜಿನ್ ಆಗುತ್ತದೆ, ಆಮೇಲೆ ಬೈಗುಳ ರಿಂಗಿಗೆ.

ಸೆಕೆಂಡ್ ಗೇರ್, ಹೊಸನಗರ

ಕ್ಲೇ ಅಂದಾಜಿಗೆ ಸರಿ, ತೀರ್ಮಾನಕ್ಕೆ ಸಾಲದು. ಎಷ್ಟು ಗ್ಯಾಪ್ ಅಂತ ಹೇಳುತ್ತದೆ, ಯಾವ ಡಿಗ್ರಿಯಲ್ಲಿ ಅಂತ ಹೇಳುವುದಿಲ್ಲ. ಒಂದು ಸಿಲಿಂಡರಿಗೆ ಕೈಯಲ್ಲಿ ಒತ್ತಬಹುದಾದ ಮೆದು ಸ್ಪ್ರಿಂಗ್ ಹಾಕಿ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕೂರಿಸಿ. ಟಿಡಿಸಿಗೆ ಪುಲ್ಲಿಯ ಗುರುತು ನಂಬದೆ, ಪಿಸ್ಟನ್‌ಗೆ ತಡೆ ಕೊಟ್ಟು ಎರಡೂ ಕಡೆ ತಿರುಗಿಸಿ ಮಧ್ಯ ಹಿಡಿಯಿರಿ. ಟಿಡಿಸಿಗೆ 20 ಡಿಗ್ರಿ ಹಿಂದಿನಿಂದ 20 ಮುಂದಿನ ತನಕ, ಎರಡೆರಡು ಡಿಗ್ರಿಗೊಮ್ಮೆ ನಿಲ್ಲಿಸಿ, ಡಯಲ್ ಗೇಜನ್ನು ರಿಟೇನರ್ ಮೇಲಿಟ್ಟು ವಾಲ್ವನ್ನು ಪಿಸ್ಟನ್ ಮುಟ್ಟುವವರೆಗೆ ಒತ್ತಿ ಬರೆದುಕೊಳ್ಳಿ.

ಇನ್ನೊಂದು, ಹೆಡ್ ಕೆಳಗಿಳಿದರೆ ಬೆಲ್ಟಿನ ಬಿಗಿ ಬದಿ ಅಷ್ಟು ಗಿಡ್ಡವಾಗುತ್ತದೆ, ಕ್ಯಾಮ್ ಹಿಂದೆ ಬೀಳುತ್ತದೆ. ಕ್ಯಾಮ್ ಪುಲ್ಲಿ 100 ಮಿ.ಮೀ. ವ್ಯಾಸದ್ದಾದರೆ ಅರ್ಧ ಮಿ.ಮೀ.ಗೆ ಕ್ರ್ಯಾಂಕಿನಲ್ಲಿ ಸುಮಾರು 1.1 ಡಿಗ್ರಿ. ಕ್ಯಾಮ್ ಹಿಂದೆ ಬಿದ್ದರೆ ಎಕ್ಸಾಸ್ಟ್ ವಾಲ್ವ್ ತಡವಾಗಿ ಮುಚ್ಚುತ್ತದೆ. ವಾಲ್ವ್ ಪಿಸ್ಟನ್‌ಗೆ ಹತ್ತಿರವೂ ಆಯಿತು, ಮುಚ್ಚುವುದೂ ತಡವಾಯಿತು: ಫೇಸಿಂಗ್ ಎಕ್ಸಾಸ್ಟಿಗೆ ಎರಡು ಕಡೆಯಿಂದ ಹೊಡೆಯುತ್ತದೆ ಅಂತ ಇಟ್ಟುಕೊಳ್ಳಿ.

ತುಂಗಾತೀರ, ತೀರ್ಥಹಳ್ಳಿ

ಅಳೆದೆ. ಮೂರನೇ ಪಿಸ್ಟನ್ ಉಳಿದವುಗಳಿಗಿಂತ 0.35 ಕೆಳಗಿದೆ. ಟಾಪ್ ರಿಂಗ್ ಗ್ಯಾಪ್ 0.22. ಒಂದನೇ ಸಿಲಿಂಡರಿನಲ್ಲಿ ಇನ್‌ಟೇಕ್ 2.6, ಎಕ್ಸಾಸ್ಟ್ 2.1. ದಪ್ಪ ಗ್ಯಾಸ್ಕೆಟ್ ಹಾಕಿಬಿಟ್ಟರೆ ಆಗದೇ?

ಸೆಕೆಂಡ್ ಗೇರ್, ಹೊಸನಗರ

ದಪ್ಪ ಗ್ಯಾಸ್ಕೆಟ್ ಬೇಡ. ವಾಲ್ವಿಗೆ ಜಾಗ ಸಿಗುತ್ತದೆ, ಸ್ಕ್ವಿಶ್ ಹಾಳಾಗುತ್ತದೆ. ಫೇಸಿಂಗಿಗೆ ಕೊಟ್ಟ ದುಡ್ಡೂ ದಂಡ.

ನಿಮಗೆ ಇನ್‌ಟೇಕಿನಲ್ಲಿ 0.6 ಹೆಚ್ಚಿದೆ, ಎಕ್ಸಾಸ್ಟಿನಲ್ಲಿ 0.4 ಕಡಿಮೆ. ಒಂದೇ ಕ್ಯಾಮ್ ಆದ್ದರಿಂದ ಹೊಂದಿಸಬಹುದಾದ ಪುಲ್ಲಿ ಹಾಕಿ ಮುಂದೆ ತಂದರೆ ಇನ್‌ಟೇಕಿನಿಂದ ಎಕ್ಸಾಸ್ಟಿಗೆ ಜಾಗ ಹೋಗುತ್ತದೆ. ಕ್ರ್ಯಾಂಕಿನ ಒಂದು ಡಿಗ್ರಿಗೆ ಹತ್ತಿರ ಹತ್ತಿರ 0.1 ಮಿ.ಮೀ. ಅಂತ ಹಿಡಿದು 4 ಡಿಗ್ರಿ ಮುಂದಕ್ಕೆ ಇಡಿ, ಮತ್ತೆ ಅಳೆಯಿರಿ. ಕೆಳಗಿನ ಆರ್‌ಪಿಎಂನಲ್ಲಿ ಎಳೆತವೂ ಸುಧಾರಿಸುತ್ತದೆ, ಘಾಟಿಗೆ ಬೇಕಾದದ್ದೇ ಅದು. ಆಮೇಲೂ ಸಾಲದಿದ್ದರೆ ಪಿಸ್ಟನ್ ಮೇಲಿನ ವಾಲ್ವ್ ಗುಳಿಯನ್ನು ಆಳ ಮಾಡಿಸಿ. ಅದಕ್ಕೆ ಮೊದಲು ಪಿಸ್ಟನ್ ತಲೆಯ ದಪ್ಪ ಅಳೆಯಿರಿ, ಗುಳಿಯ ಕೆಳಗೆ 5 ಮಿ.ಮೀ. ಉಳಿಯದಿದ್ದರೆ ಕೈ ಹಾಕಬೇಡಿ.

ಬೋರ್‌ಗೇಜ್, ಶಿವಮೊಗ್ಗ

ಮೂರನೆಯ ರಾಡ್ ಬಾಗಿದೆ, ಬದಲಿಸಿ. ಹೊಸದನ್ನು ಉಳಿದ ಮೂರರ ತೂಕಕ್ಕೆ ಒಂದೆರಡು ಗ್ರಾಮಿನೊಳಗೆ ಹೊಂದಿಸಿ ತನ್ನಿ. ಆ ಬೋರಿನ ಗೋಡೆಯಲ್ಲಿ ಓರೆ ಸವೆತ ಉಳಿದಿದೆಯೇ ಅಂತಲೂ ನೋಡಿ, 0.5 ಸೈಜಿಗೆ ಬೋರಿಂಗ್ ಆದ ಮೇಲೂ ಅದು ಹೋಗದಿದ್ದರೆ ಈಗಲೇ ಗೊತ್ತಾಗಲಿ. ರಿಂಗನ್ನು 0.30ಕ್ಕೆ ಅರೆಯಿರಿ. ಒಂದೇ ತುದಿಯನ್ನು, ಹೊರಗಿನಿಂದ ಒಳಕ್ಕೆ ಮಾತ್ರ ಅರ ಎಳೆಯಬೇಕು, ತಿರುಗಾ ಎಳೆದರೆ ಮೇಲಿನ ಲೇಪ ಏಳುತ್ತದೆ. ನಾಲ್ಕೂ ರಿಂಗಿಗೆ ಅದದೇ ಬೋರಿನಲ್ಲಿ ನೋಡಿ, ಯಾವುದು ಯಾವ ಬೋರಿಂದು ಅಂತ ಚೀಟಿ ಕಟ್ಟಿಡಿ.