ಹನ್ನೊಂದು ಜನ, ಒಂದೇ ಟೇಬಲ್: ಸಿಂಗಪುರದ ಪೆರನಾಕನ್ ಊಟಕ್ಕೆ ಏನೇನು ಹೇಳಬೇಕು?

ಮುಲುಂಡ್ ಮಂದಿ

ಎಲ್ಲರಿಗೂ ನಮಸ್ಕಾರ. ಮುಲುಂಡ್, ಠಾಣೆ ಕಡೆಯ ಹನ್ನೊಂದು ಜನ ಮುಂದಿನ ತಿಂಗಳು ಸಿಂಗಪುರಕ್ಕೆ ಹೊರಟಿದ್ದೇವೆ. ಕಟೋಂಗ್ ಭಾಗದಲ್ಲಿ ಒಂದು ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಪೆರನಾಕನ್ ಊಟ (ಅಲ್ಲಿ ನೆಲೆಸಿದ ಚೀನೀ ಮೂಲದವರ, ಮಲಯ ಮಸಾಲೆ ಬೆರೆತ ಅಡುಗೆ) ಮಾಡುವುದೆಂದು ನಿಶ್ಚಯವಾಗಿದೆ. ಇಬ್ಬರು ಸಸ್ಯಾಹಾರಿಗಳು, ಅವರಲ್ಲಿ ಒಬ್ಬರು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಉಳಿದ ಒಂಬತ್ತು ಜನರಲ್ಲಿ ಒಬ್ಬರಿಗೆ ಸಿಗಡಿ ಅಲರ್ಜಿ. ದನದ ಮಾಂಸ ಯಾರಿಗೂ ಬೇಡ, ಹಂದಿ ನಾಲ್ವರಿಗೆ ಮಾತ್ರ ನಡೆಯುತ್ತದೆ. ಮೆನು ನೋಡಿದರೆ ತಲೆಬುಡ ತಿಳಿಯುತ್ತಿಲ್ಲ. ಯಾವುದು ಹೇಳಬೇಕು, ಎಷ್ಟು ಪ್ಲೇಟ್ ಹೇಳಬೇಕು, ಗೊತ್ತಿದ್ದವರು ತಿಳಿಸಿ.

ಭಾಂಡುಪ್ ಬಾಣಸಿಗ

ಮಾಟುಂಗಾದ ಎಲೆ ಊಟದ ಹಾಗೆ ಒಬ್ಬೊಬ್ಬರ ಮುಂದೆ ಪೂರ್ತಿ ಊಟ ಬಂದು ಕೂರುವುದಿಲ್ಲ ಮಾರಾಯ್ರೆ. ಅನ್ನ ಮಾತ್ರ ತಲೆಗೊಂದು ಪ್ಲೇಟ್, ಉಳಿದದ್ದೆಲ್ಲ ನಡುವೆ. ಹೆಚ್ಚಿನ ಕಡೆ ಸಣ್ಣ ಪ್ಲೇಟ್ ಎರಡು-ಮೂರು ಜನಕ್ಕೆ, ನಡುವಿನದು ನಾಲ್ಕೈದು ಜನಕ್ಕೆ ಸಾಕು. ನಿಮ್ಮ ಒಂಬತ್ತು ಜನಕ್ಕೆ ಆರು ಬಗೆ ಧಾರಾಳ. ಟೇಬಲ್ ಉದ್ದದ್ದಾದರೆ ಪ್ರತಿಯೊಂದನ್ನೂ ದೊಡ್ಡ ಪ್ಲೇಟ್ ಒಂದು ಅನ್ನುವ ಬದಲು ಸಣ್ಣದು ಎರಡು ಹೇಳಿ, ಒಂದೊಂದು ತುದಿಗೆ ಒಂದೊಂದು ಇಡಿಸಿ. ಇಲ್ಲದಿದ್ದರೆ ಬಿಸಿ ಗಸಿ ತುಂಬಿದ ಬಟ್ಟಲು ಕೈಯಿಂದ ಕೈಗೆ ದಾಟುವುದರಲ್ಲೇ ಅನ್ನ ಆರಿಹೋಗುತ್ತದೆ.

ಆರಿಸುವಾಗ ಮಾಂಸ ಯಾವುದು ಅಂತ ನೋಡಬೇಡಿ, ರಸ ಯಾವುದು ಅಂತ ನೋಡಿ. ಹೊಸಬರು ಕೋಳಿ ಕರಿ, ಸಿಗಡಿ ಲೆಮಾಕ್, ರೆಂಡಾಂಗ್ ಎಂದು ಮೂರು ಬಗೆ ಹೇಳುತ್ತಾರೆ. ಮೂರೂ ತೆಂಗಿನ ಹಾಲಿನದೇ! ಅರ್ಧ ಊಟಕ್ಕೇ ಹೊಟ್ಟೆ ಭಾರ, ನಾಲಿಗೆಗೆ ಎಲ್ಲವೂ ಒಂದೇ ರುಚಿ. ರೆಂಡಾಂಗ್ ಸಾಮಾನ್ಯವಾಗಿ ದನದ್ದು, ಹಾಗಾಗಿ ಅದನ್ನು ಬಿಟ್ಟೇ ಬಿಡಿ. ತೆಂಗಿನ ಹಾಲಿಗೆ ಅನಾನಸು ಹಾಕಿದ ಸಿಗಡಿ ಲೆಮಾಕ್ ಒಂದು ಸಾಕು. ಹುಳಿಗೆ ಇಕಾನ್ ಗೆರಾಂಗ್ ಅಸಾಮ್, ಅಂದರೆ ಹುಣಸೆಹುಳಿಯ ಖಾರದ ಮೀನು. ಉಪ್ಪು-ಸಿಹಿಗೆ ಪೊಂಗ್ತೆ: ಹುಳಿಬರಿಸಿದ ಸೋಯಾಕಾಳು, ಬಟಾಟೆ, ಅಣಬೆ ಹಾಕಿ ನಿಧಾನವಾಗಿ ಬೇಯಿಸಿದ್ದು. ಇದರಲ್ಲಿ 'ಬಾಬಿ' ಎಂದರೆ ಹಂದಿ, 'ಅಯಾಮ್' ಎಂದರೆ ಕೋಳಿ. ನಿಮಗೆ ಅಯಾಮ್ ಪೊಂಗ್ತೆ. ಜೊತೆಗೆ ಎಲೆಕೋಸು, ಶ್ಯಾವಿಗೆ, ಕಪ್ಪು ಅಣಬೆಯ ಚಾಪ್ ಚಾಯ್.

ಐದನೆಯದು ಅಯಾಮ್ ಬುವಾ ಕೆಲುವಾಕ್. ಪೆರನಾಕನ್ ಊಟಕ್ಕೆ ಹೋಗಿ ಇದನ್ನು ತಿನ್ನದೆ ಬಂದರೆ ಹೋಗದಿದ್ದರೂ ನಡೆಯುತ್ತಿತ್ತು. ಕೋಳಿಯ ಹುಳಿ ಸಾರಿನಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಟ್ಟಿ ಕೆಲುವಾಕ್ ಕಾಯಿಗಳು ಇರುತ್ತವೆ. ಹಸಿ ಬೀಜದಲ್ಲಿ ಸಯನೈಡ್ ವಿಷ ಇರುವುದರಿಂದ ಬೇಯಿಸಿ, ಬೂದಿ-ಮಣ್ಣಿನಲ್ಲಿ ಸುಮಾರು 40 ದಿನ ಹೂತಿಟ್ಟು, ಆಮೇಲೆ ಅಡುಗೆಗೆ ಮೊದಲು ಹಲವು ದಿನ ನೀರು ಬದಲಿಸುತ್ತ ನೆನೆಸುತ್ತಾರೆ. ಒಳಗಿನ ತಿರುಳು ಕಪ್ಪಗೆ, ಎಣ್ಣೆಎಣ್ಣೆಯಾಗಿ, ತುಸು ಕಹಿಯಾಗಿರುತ್ತದೆ. ಸಣ್ಣ ಚಮಚದಿಂದ ಕೆರೆದು ತೆಗೆದು ಅನ್ನಕ್ಕೆ ಕಲಸಿಕೊಳ್ಳಬೇಕು. ಜನ ಕೋಳಿ ತಿಂದು ಕಾಯಿಯನ್ನು ಅಲಂಕಾರವೆಂದು ಬದಿಗಿಡುತ್ತಾರೆ, ಸ್ವಾರಸ್ಯವೆಲ್ಲ ಅದರಲ್ಲೇ ಇರುವುದು. ಜಗಳ ಬರುವುದೂ ಅಲ್ಲೇ: ಒಂದು ಪ್ಲೇಟಿನಲ್ಲಿ ಎಷ್ಟು ಕಾಯಿ ಎಂದು ಮೊದಲೇ ಕೇಳಿ, ತಲೆಗೊಂದರಂತೆ ಲೆಕ್ಕ ಮಾಡಿ, ಕಡಿಮೆಯಾದರೆ ಹೆಚ್ಚಿಗೆ ಕಾಯಿ ಹಾಕುತ್ತಾರೆಯೇ ವಿಚಾರಿಸಿ. ನೆನೆಸುವ ಕೆಲಸ ಇರುವುದರಿಂದ ಟೇಬಲ್ ಬುಕ್ ಮಾಡುವಾಗಲೇ ಇದನ್ನು ಹೇಳಿಡುವುದು ಒಳ್ಳೆಯದು.

ಕುವೆ ಪೈ ಟೀ ಮೊದಲಿಗೇ ತರಿಸಿ. ಗರಿಗರಿ ಪುಟ್ಟ ಬಟ್ಟಲೊಳಗೆ ಗೆಡ್ಡೆಯ ಪಲ್ಯ ತುಂಬಿದ್ದು. ತುಂಬಿದ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ, ಫೋಟೋ ತೆಗೆಯುತ್ತ ಕೂರಬೇಡಿ.

ವಾಶಿ ಶೆಟ್ಟಿ

ಮೇಲಿನ ಪಟ್ಟಿ ಚೆನ್ನಾಗಿದೆ, ಆದರೆ ಅದರಲ್ಲಿ ಅಲರ್ಜಿಯ ವಿಷಯ ಬಂದಿಲ್ಲ. ಆ ಪಟ್ಟಿಯಲ್ಲಿ ಸಿಗಡಿ ಅಲರ್ಜಿಯವರಿಗೆ ಹೆಚ್ಚುಕಡಿಮೆ ಪೊಂಗ್ತೆ ಒಂದೇ ಉಳಿಯುತ್ತದೆ. ಕಾರಣ ಬೆಲಾಚಾನ್, ಸಿಗಡಿಯನ್ನು ಉಪ್ಪು ಹಾಕಿ ಹುಳಿಬರಿಸಿ ಒಣಗಿಸಿದ ಗಟ್ಟಿ. ಇದು ಖಾರದ ಚಟ್ನಿಯಾದ ಸಾಂಬಾಲ್‌ನಲ್ಲಿ ಮಾತ್ರ ಇರುವುದಲ್ಲ, ರೆಂಪಾ ಎನ್ನುವ ಅರೆದ ಮಸಾಲೆಯಲ್ಲೇ ಸೇರಿರುತ್ತದೆ. ರೆಂಪಾವನ್ನು ಬೆಳಿಗ್ಗೆಯೇ ರಾಶಿಗಟ್ಟಲೆ ಅರೆದು ಹುರಿದಿಟ್ಟಿರುತ್ತಾರೆ. ಹಾಗಾಗಿ "ಸಿಗಡಿ ಹಾಕಬೇಡಿ" ಎಂದರೆ ಮೇಲಿನ ಸಿಗಡಿ ತೆಗೆಯಬಹುದು, ಮಸಾಲೆಯೊಳಗಿನದನ್ನು ತೆಗೆಯಲಾಗದು. ಕೆಲುವಾಕ್ ಕಾಯಿಗೂ ಕೆಲವರು ತಿರುಳಿನ ಜೊತೆ ಸಿಗಡಿ, ಹಂದಿ ಕೊಚ್ಚಿ ಸೇರಿಸಿ ಮತ್ತೆ ತುಂಬುತ್ತಾರೆ, ಹಂದಿ ತಿನ್ನದವರೂ ಕೇಳಿಕೊಳ್ಳಬೇಕು. ಚಾಪ್ ಚಾಯ್ ನೋಡಲು ತರಕಾರಿ, ರುಚಿ ಬರುವುದು ಒಣ ಸಿಗಡಿಯಿಂದ.

ಪೊಂಗ್ತೆಯನ್ನೂ ಕೇಳದೆ ತಿನ್ನಬಾರದು. ಕರಿದದ್ದು ಬೇಡವೇ ಬೇಡ, ಅದೇ ಎಣ್ಣೆಯಲ್ಲಿ ಸಿಗಡಿ ಕರಿದಿರುತ್ತಾರೆ. ಸಿಗಡಿ, ಒಣ ಸಿಗಡಿ, ಬೆಲಾಚಾನ್ ಮೂರನ್ನೂ ಬೇರೆಬೇರೆಯಾಗಿ ಇಂಗ್ಲಿಷಿನಲ್ಲಿ ಬರೆದು ಬುಕ್ ಮಾಡುವಾಗಲೇ ಕಳಿಸಿ. ಬಾಯಿಮಾತಲ್ಲಿ ಹೇಳಿದ್ದು ಅಡುಗೆಮನೆ ತಲುಪುವಷ್ಟರಲ್ಲಿ ಅರ್ಧವಾಗುತ್ತದೆ.

ಇನ್ನೊಂದು: ಬಕ್ವಾನ್ ಕೆಪಿಟಿಂಗ್ ಎಂಬ ಏಡಿ ಉಂಡೆಯ ಸಾರು ಇರುತ್ತದೆ. ಹೆಸರಲ್ಲಿ ಏಡಿ ಮಾತ್ರ, ಉಂಡೆಯಲ್ಲಿ ಹಂದಿಯೂ ಇದೆ. ಙೊ ಹಿಯಾಂಗ್ ಸುರುಳಿಯೂ ಹಂದಿ-ಸಿಗಡಿಯದೇ. ಹಂದಿ ತಿನ್ನುವ ನಿಮ್ಮ ನಾಲ್ವರಿಗೆಂದು ಒಂದು ಸಣ್ಣ ಪ್ಲೇಟ್ ಹೇಳಿ.

ಪುಣೆ ಕುಲಕರ್ಣಿ

ಸಸ್ಯಾಹಾರಿಗಳನ್ನು ಎಳೆದುಕೊಂಡು ಹೋಗಿ ಬರೀ ಅನ್ನ ತಿನ್ನಿಸಬೇಡಿ ದಯವಿಟ್ಟು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಪೆರನಾಕನ್ ಮಸಾಲೆ ಇಲ್ಲ. ಆ ಇಬ್ಬರ ಊಟ ಲಿಟಲ್ ಇಂಡಿಯಾದಲ್ಲಿ ಮೊದಲೇ ಮುಗಿಯಲಿ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ ಸಸ್ಯಾಹಾರಿಯೇ. ಈರುಳ್ಳಿ ಬಿಟ್ಟವರು ಅಲ್ಲೂ ಒಮ್ಮೆ ಕೇಳಿಕೊಳ್ಳಲಿ. ಆಮೇಲೆ ನಿಮ್ಮ ಟೇಬಲ್ಲಿಗೆ ಬಂದು ಸಿಹಿಗೆ ಕೂರಲಿ. ಚೆಂದೋಲ್‌ನಲ್ಲಿ ಇರುವುದು ತೆಂಗಿನ ಹಾಲು, ಪಂದನ್ ಎಲೆಯ ಹಸಿರು ಶ್ಯಾವಿಗೆ, ಗುಲಾ ಮೆಲಾಕಾ ಎಂಬ ತಾಳೆಜಾತಿಯ ಬೆಲ್ಲ. ಸಾಬಕ್ಕಿಗೆ ಅದೇ ಬೆಲ್ಲ ಸುರಿದ ಸಾಗೊ ಕೂಡ ಸರಿ. ಅಂಟಕ್ಕಿಯ ಮೇಲೆ ಹಸಿರು ಪದರವಿರುವ ಕುವೆ ಸಲಾತ್ ಮಾತ್ರ ಬೇಡ, ಆ ಪದರದಲ್ಲಿ ಮೊಟ್ಟೆ ಇದೆ.

ಮುಲುಂಡ್ ಮಂದಿ

ತುಂಬ ಉಪಕಾರವಾಯಿತು. ಎಂಜಲಿನ ವಿಷಯ ಹೇಗೆ? ಮತ್ತೆ ಹತ್ತು ಗಂಟೆಗೆ ಟೇಬಲ್ ಸಿಗುತ್ತದೆಯೇ? ಬಿಲ್ಲಿನ ಅಂದಾಜೂ ಹೇಳಿಬಿಡಿ.

ಭಾಂಡುಪ್ ಬಾಣಸಿಗ

ಪ್ರತಿ ಬಟ್ಟಲಿಗೂ ಬೇರೆ ಚಮಚ ಇಡಿ ಎಂದು ಕೂತ ತಕ್ಷಣ ಹೇಳಿ. ಒಂದೇ ಚಮಚ ಎಲ್ಲದಕ್ಕೂ ಓಡಾಡಿದರೆ ಎಂಜಲಿಗಿಂತ ದೊಡ್ಡ ತೊಂದರೆ ನಿಮ್ಮ ಅಲರ್ಜಿಯವರಿಗೆ. ಅವರ ಪಾಲನ್ನು ಮೊದಲೇ ಅವರ ತಟ್ಟೆಗೆ ಬಡಿಸಿಬಿಡಿ.

ಹತ್ತು ಗಂಟೆ ಮುಂಬಯಿಯ ಲೆಕ್ಕ. ಅಲ್ಲಿ ಹಲವು ಕಡೆ ಒಂಬತ್ತರಿಂದ ಒಂಬತ್ತೂವರೆಯೊಳಗೆ ಕೊನೆಯ ಆರ್ಡರ್. ಏಳು ಗಂಟೆಗೆ ಬುಕ್ ಮಾಡಿ, ಮಧ್ಯಾಹ್ನವಾದರೆ ಎರಡರೊಳಗೆ ಹೋಗಿ, ನಡುವೆ ಬಾಗಿಲು ಹಾಕುತ್ತಾರೆ.

ಮೆನುವಿನ ಬೆಲೆಯ ಪಕ್ಕ ಎರಡು ಪ್ಲಸ್ ಗುರುತಿದ್ದರೆ ಶೇ 10 ಸರ್ವಿಸ್ ಚಾರ್ಜ್, ಅದೂ ಸೇರಿದ ಮೊತ್ತದ ಮೇಲೆ ಶೇ 9 ಜಿಎಸ್‌ಟಿ. 400 ಡಾಲರ್ ಊಟ 440 ಆಗಿ, ಕೊನೆಗೆ 479.60 ಡಾಲರ್ ಆಗುತ್ತದೆ. ಬೇರೆ ಟಿಪ್ ಕೊಡಬೇಕಿಲ್ಲ. ಕೇಳದೆ ತಂದಿಟ್ಟ ಶೇಂಗಾ, ಒದ್ದೆ ಟಿಶ್ಯೂಗೂ ದುಡ್ಡು ಹಾಕುವವರಿದ್ದಾರೆ, ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ.