ಕಾರವಾರದ ಹತ್ತಿರ ಗಾಲ್ಫ್ ಆಡೋಕೆ ಎಲ್ಲಿ ಹೋಗೋದು?

ಪ್ರಶ್ನೆ (ಶಿರಸಿಯಿಂದ):
ಡಿಸೆಂಬರಿಗೆ ಬೆಂಗಳೂರಿನ ಭಾವ ಬರ್ತಾ ಇದಾನೆ. ಗೋಕರ್ಣ, ಯಾಣ ಯಾವ್ದೂ ಬೇಡವಂತೆ, ಗಾಲ್ಫ್ ಕಿಟ್ ತರ್ತಾನಂತೆ! ನಮ್ಮಲ್ಲಿರೋದು ಅಡಿಕೆ ಅಂಗಳ ಮಾತ್ರ. ಎಲ್ಲಿಗೆ ಕರ್ಕೊಂಡು ಹೋಗ್ಲಿ?

ಉತ್ತರ (ಕಾರವಾರದಿಂದ):
ಕಾಳಿ ಸೇತುವೆ ದಾಟಿ, ಗೋವಾ ಗಡಿ ಕಳೆದು ಕಾಣಕೋಣಕ್ಕೆ ನಡೀರಿ. ರಾಜಬಾಗ ಬೀಚಿಗೆ ತಾಗಿ ಲಲಿತ್ ರೆಸಾರ್ಟಿನ 9 ಹೋಲ್ (ಚೆಂಡು ಹಾಕೋ ಗುಂಡಿ) ಇರೋ ಗಾಲ್ಫ್ ಕೋರ್ಸ್ ಇದೆ, ತಳಪಣ ನದಿ ಸಮುದ್ರ ಸೇರೋದು ಪಕ್ಕದಲ್ಲೇ. ಅಲ್ಲೇ ಹತ್ತಿರದ ಪಾಳೋಳೆ (ಪಾಲೋಲೆಮ್) ಬೀಚಿಗೆ ಹೋಗುವ ಜನರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಬೆಳಿಗ್ಗೆ ಬೇಗ ಶುರು ಮಾಡಿ. ಇಬ್ಬನಿಗೆ ಗ್ರೀನ್ (ಗುಂಡಿ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು) ಮೇಲೆ ಚೆಂಡು ಸ್ವಲ್ಪ ನಿಧಾನ ಉರುಳತ್ತೆ, ಅಷ್ಟೇ. ಮಧ್ಯಾಹ್ನ ಕಡಲಗಾಳಿ ಎದ್ದರೆ ಎತ್ತರಕ್ಕೆ ಹೊಡೆದ ಚೆಂಡು ದೇವರಿಗೇ ಪ್ರೀತಿ. ಆಗ ಗಾಳಿಗೆ ಎದುರು ಹೊಡೆಯೋದಾದ್ರೆ ಒಂದು ಕ್ಲಬ್ ಹೆಚ್ಚಿಗೆ, ಅಂದ್ರೆ ಇನ್ನೂ ದೂರ ಹೊಡೆಯೋ ಕೋಲು ತಗೊಂಡು, ತಗ್ಗಾಗಿ, ಮೆಲ್ಲಗೆ ಹೊಡೀಬೇಕು. ಸಿಟಿಯವರು ಜೋರಾಗಿ ಬೀಸ್ತಾರೆ, ಚೆಂಡು ಇನ್ನೂ ಮೇಲೇರತ್ತೆ.

ಮತ್ತೊಬ್ಬರು (ಅಂಕೋಲಾ):
ಇನ್ನೂ ಉತ್ತರಕ್ಕೆ ಹೋದ್ರೆ ಬಾಣಾವಳಿಯ (ಬೆನೌಲಿಮ್) ತಾಜ್ ಎಕ್ಸೋಟಿಕಾ, ವಾರ್ಕಾದ ಕ್ಯಾರವೆಲಾ ರೆಸಾರ್ಟುಗಳು ಸಿಗ್ತವೆ. ಎರಡೂ 9 ಹೋಲಿನ ಸಣ್ಣ ಪಾರ್-3 ಕೋರ್ಸು, ಅಂದ್ರೆ ಒಂದೊಂದು ಗುಂಡಿಗೂ ಮೂರೇ ಹೊಡೆತದ ಲೆಕ್ಕ. ದೂರ ಹೊಡೆಯೋ ಡ್ರೈವರ್ ಕ್ಲಬ್ ಮನೇಲೇ ಬಿಟ್ಟು ಬರ್ಲಿ, ಹತ್ತಿರದ ಹೊಡೆತಕ್ಕೆ ವೆಜ್ ಕ್ಲಬ್ ಮತ್ತೆ ಗ್ರೀನ್ ಮೇಲೆ ಉರುಳಿಸೋಕೆ ಪಟರ್ ಇದ್ರೆ ಧಾರಾಳ ಆಯ್ತು.

ಪ್ರಶ್ನೆ ಕೇಳಿದವರು:
ರೂಮ್ ಮಾಡದವರನ್ನ ಒಳಗೆ ಬಿಡ್ತಾರಾ?

ಕಾರವಾರದಿಂದ:
ರೆಸಾರ್ಟಿನವರ ಮರ್ಜಿ ಮಾರಾಯ್ರೆ. ಹೊರಡೋ ಮುಂಚೆ ಫೋನ್ ಮಾಡಿ. ಡಿಸೆಂಬರ್ ಕೊನೆವಾರ ಮಾತ್ರ ಬೇಡ, ಗೋವಾ ರಸ್ತೆಯಲ್ಲೇ ದಿನ ಮುಗೀತದೆ.