ಮಕ್ಕಳಿಗೆ ಮಾತ್ರ ಆರೋಗ್ಯ ವಿಮೆ ಮಾಡಿಸಿದರೆ ಸಾಕೇ?

ಕುವೆಂಪುನಗರದ ತಾಯಿ, ಮೈಸೂರು:
ನಮಗೆ ಇಬ್ಬರು ಮಕ್ಕಳು. ಮಗನಿಗೆ ಏಳು ವರ್ಷ, ಮಗಳಿಗೆ ಮೂರು. ಯಜಮಾನರದು ಸಣ್ಣ ಅಂಗಡಿ, ನಮ್ಮದು ಎಪಿಎಲ್ ಕಾರ್ಡು. ಕಳೆದ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಜ್ವರ ಬಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ಇರಬೇಕಾಯಿತು. 38,000 ರೂಪಾಯಿ ಬಿಲ್ಲು ಕಟ್ಟಲು ನನ್ನ ಸರ ಅಡವಿಟ್ಟೆವು. ಅದನ್ನು ಇನ್ನೂ ಬಿಡಿಸಿಕೊಂಡಿಲ್ಲ. ಪರಿಚಯದ ಏಜೆಂಟರೊಬ್ಬರು, ದೊಡ್ಡವರನ್ನು ಬಿಟ್ಟು ಮಕ್ಕಳಿಬ್ಬರಿಗೆ ಮಾತ್ರ 1 ಲಕ್ಷದ ಪಾಲಿಸಿ ಮಾಡಿಸಿದರೆ ಕಂತು ಹಗುರವಾಗುತ್ತದೆ ಎನ್ನುತ್ತಾರೆ. ಚಳಿಗಾಲದಲ್ಲಿ ಮಗನಿಗೆ ಉಬ್ಬಸ ಬಂದು ನೆಬುಲೈಸರ್ ಕೊಡಿಸುವುದುಂಟು. ಅದನ್ನು ಅರ್ಜಿಯಲ್ಲಿ ಬರೆಯುವುದು ಬೇಡವೆಂದೂ ಹೇಳಿದರು. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಮದ್ದೂರಿನ ಹಾಲು ಉತ್ಪಾದಕ:
ತಾಯಿ, ಕಂಪನಿಗಳ ಬಾಗಿಲಿಗೆ ಹೋಗುವ ಮೊದಲು ಯಶಸ್ವಿನಿ ಯೋಜನೆಯನ್ನು ವಿಚಾರಿಸಿ. 2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಆರಂಭವಾಗಿ, 2018ರಲ್ಲಿ ನಿಂತುಹೋಗಿದ್ದ ಈ ಯೋಜನೆ 2023ರಿಂದ ಮತ್ತೆ ನಡೆಯುತ್ತಿದೆ. ಗ್ರಾಮೀಣ ಸಂಘಗಳ ಸದಸ್ಯರು ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರು 1,000 ರೂಪಾಯಿ ಕಟ್ಟಿದರೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ನನ್ನ ಅಣ್ಣನ ಮಗನಿಗೆ ಶಸ್ತ್ರಚಿಕಿತ್ಸೆಯಾದಾಗ ನಮ್ಮ ಡೇರಿಯಲ್ಲಿ ಕಟ್ಟಿದ್ದ ಆ ಐದುನೂರು ರೂಪಾಯಿಯೇ ಕೈಹಿಡಿಯಿತು.

ಮಂಡ್ಯದ ಶಿಕ್ಷಕಿ:
ಮದ್ದೂರಿನವರ ಮಾತು ನಿಜ. ಆದರೆ ಯಶಸ್ವಿನಿಯ ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಮತ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗಷ್ಟೇ ಅದು ಅನ್ವಯಿಸುತ್ತದೆ. ಈ ಕುಟುಂಬದ ಕಾರ್ಡಿಗೆ ಈಗಾಗಲೇ ಏನು ದೊರೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ; ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿಪಡಿಸಿದ ದರದ ಶೇ. 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭಗಳನ್ನು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರ ಶಿಫಾರಸು ಪತ್ರದೊಂದಿಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಮೈಸೂರಿನಲ್ಲಿ ತಾಯಿ-ಮಕ್ಕಳ ಸರ್ಕಾರಿ ಆಸ್ಪತ್ರೆಯಾದ ಚೆಲುವಾಂಬ ಇರುವಾಗ ಮಕ್ಕಳ ಜ್ವರಕ್ಕೆ ಸರ ಅಡವಿಡುವ ಸ್ಥಿತಿ ಬರಬಾರದಿತ್ತು ಎನಿಸಿ ಸಂಕಟವಾಯಿತು.

ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನೂ ಮರೆಯಬೇಡಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹೃದಯದ ರಂಧ್ರ, ಸೀಳುತುಟಿ, ಸೊಟ್ಟ ಪಾದದಂತಹ ತೊಂದರೆ ಕಂಡುಬಂದರೆ ಮುಂದಿನ ಚಿಕಿತ್ಸೆಯನ್ನು ಸರ್ಕಾರವೇ ಉಚಿತವಾಗಿ ಮಾಡಿಸುತ್ತದೆ.

ಹೂಟಗಳ್ಳಿಯ ಕಾರ್ಖಾನೆ ನೌಕರ:
ಮನೆಯಲ್ಲಿ ಯಾರಾದರೂ ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳಕ್ಕೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇರುತ್ತದೆ. ನಮ್ಮ ಸಂಬಳದಿಂದ ಹಿಡಿಯುವುದು ಶೇ. 0.75 ಮಾತ್ರ, ಹೆಂಡತಿ ಮಕ್ಕಳಿಗೂ ಚಿಕಿತ್ಸೆಯುಂಟು. ಸಂಬಳ ಮಿತಿ ದಾಟಿದರೆ ಆ ವಂತಿಗೆ ಅವಧಿ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್, ಮುಗಿಯುವವರೆಗೆ ವಂತಿಗೆ ಹಿಡಿದು, ನಂತರ ನಿಲ್ಲಿಸುತ್ತಾರೆ. ಬೇರೆ ಪಾಲಿಸಿಯನ್ನು ಅಷ್ಟರೊಳಗೇ ಮಾಡಿಸಿಕೊಳ್ಳಬೇಕು.

ಸರಸ್ವತಿಪುರಂನ ನಿವೃತ್ತ ವಿಮಾ ನೌಕರ:
ಅಮ್ಮಾ, ಎರಡು ಮಾತು ಹೇಳಲೇಬೇಕು. ಮೊದಲನೆಯದು 1 ಲಕ್ಷದ ಪಾಲಿಸಿಯ ಲೆಕ್ಕ. 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುತ್ತಿರುವ ಆರೋಗ್ಯ ಸಂಜೀವನಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ದಿನದ ಕೊಠಡಿ ಬಾಡಿಗೆಗೆ ವಿಮಾ ಮೊತ್ತದ ಶೇ. 2ರ ಮಿತಿಯಿದೆ, 1 ಲಕ್ಷಕ್ಕೆ ಅದು 2,000 ರೂಪಾಯಿ. ಮಗುವಿನ ಜೊತೆ ಮಲಗಲು ಬೇಕೆಂದು ನೀವು 4,000 ರೂಪಾಯಿಯ ಕೊಠಡಿ ಹಿಡಿದರೆ, ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ವೈದ್ಯರ ಶುಲ್ಕ, ಶುಶ್ರೂಷೆಯ ಶುಲ್ಕಗಳಲ್ಲೂ ಅರ್ಧ ನಿಮ್ಮ ತಲೆಗೇ ಬರುತ್ತದೆ. ಔಷಧಿ ಮತ್ತು ಪರೀಕ್ಷೆಗಳ ವೆಚ್ಚಕ್ಕೆ ಮಾತ್ರ ಈ ಕಡಿತವಿಲ್ಲ. ಉಳಿದುದರಲ್ಲೂ ಶೇ. 5 ನಿಮ್ಮ ಪಾಲು. 5 ಲಕ್ಷ ಮಾಡಿಸಿದರೆ ಬಾಡಿಗೆಯ ಮಿತಿ ದಿನಕ್ಕೆ 5,000 ಆಗುತ್ತದೆ; ಶೇ. 2 ಎಷ್ಟೇ ಆದರೂ ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ತಂದೆ ಅಥವಾ ತಾಯಿ ಜೊತೆಗಿಲ್ಲದೆ ಚಿಕ್ಕ ಮಕ್ಕಳಿಗೆ ಹಲವು ಕಂಪನಿಗಳು ಪಾಲಿಸಿಯನ್ನೇ ಕೊಡುವುದಿಲ್ಲ. ಕೊಟ್ಟರೂ, ದುಡಿಯುವ ಯಜಮಾನರೇ ಮಲಗಿದರೆ ಮಕ್ಕಳ ಕಂತು ಕಟ್ಟುವವರು ಯಾರು? ನಾಲ್ವರಿಗೂ ಸೇರಿ ಒಂದೇ ಫ್ಯಾಮಿಲಿ ಫ್ಲೋಟರ್, ಅಂದರೆ ಒಂದೇ ವಿಮಾ ಮೊತ್ತವನ್ನು ಮನೆಯವರೆಲ್ಲ ಹಂಚಿಕೊಳ್ಳುವ ಪಾಲಿಸಿ, ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ಇಂತಹ ಕಂತುಗಳ ಮೇಲೆ ಜಿಎಸ್‌ಟಿ ಇಲ್ಲ.

ಎರಡನೆಯದು ಉಬ್ಬಸ. ಅದನ್ನು ಖಂಡಿತ ಬರೆಯಿರಿ. ಬರೆದರೆ, ಹಳೆಯ ಕಾಯಿಲೆಯೆಂದು ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು. ಬಚ್ಚಿಟ್ಟರೆ, ಮುಂದೆ ಡಿಸ್ಚಾರ್ಜ್ ಪತ್ರದಲ್ಲಿ ‘ಎರಡು ವರ್ಷಗಳಿಂದ ಉಬ್ಬಸ’ ಎಂದು ವೈದ್ಯರು ಬರೆಯುವ ಒಂದೇ ಸಾಲು ಸಾಕು, ಕ್ಲೇಮು ತಿರಸ್ಕೃತವಾಗುತ್ತದೆ. ಆಗ ಏಜೆಂಟರು ನಿಮ್ಮ ಜೊತೆ ನಿಲ್ಲುವುದಿಲ್ಲ. ಅರ್ಜಿಯಲ್ಲಿರುವುದು ನಿಮ್ಮ ಸಹಿ.

ಮದ್ದೂರಿನ ಹಾಲು ಉತ್ಪಾದಕ:
ಸರ್, ನೀವು ಹೇಳುವುದು ಸರಿಯಿರಬಹುದು. ಆದರೆ ವರ್ಷವರ್ಷವೂ ಸಾವಿರಗಟ್ಟಲೆ ಕಟ್ಟಿ, ಒಂದು ವರ್ಷ ಬೆಳೆ ಕೈಕೊಟ್ಟು ಕಂತು ತಪ್ಪಿದರೆ ಕಾದ ವರ್ಷಗಳೆಲ್ಲ ನೀರುಪಾಲಾಗುತ್ತವೆ. ನಮ್ಮಂಥವರಿಗೆ ಐದುನೂರರ ಯೋಜನೆಯೇ ಉಳಿಯುವುದು.

ಸರಸ್ವತಿಪುರಂನ ನಿವೃತ್ತ ವಿಮಾ ನೌಕರ:
ಒಪ್ಪುತ್ತೇನೆ. ಯಶಸ್ವಿನಿ ಸಿಗುವವರು ಅದನ್ನು ಬಿಡಬಾರದು. ಆದರೆ ಡೆಂಗಿಯಂತಹ ಜ್ವರಕ್ಕೆ ಹತ್ತಿರದ ಖಾಸಗಿ ಆಸ್ಪತ್ರೆಗೇ ಓಡುವ ಕುಟುಂಬಕ್ಕೆ ಅದೊಂದೇ ಸಾಲದು. ಪಾಲಿಸಿಯಲ್ಲೂ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಹಣ ಸಿಗದು. ಆದ್ದರಿಂದ ಮಳೆಗಾಲಕ್ಕೆ ಮೊದಲೇ ಮಾಡಿಸಬೇಕು.

ಕುವೆಂಪುನಗರದ ತಾಯಿ, ಮೈಸೂರು:
ಎಲ್ಲರಿಗೂ ಕೃತಜ್ಞತೆಗಳು. ಮಕ್ಕಳ ಪಾಲಿಸಿಯ ಅರ್ಜಿಯನ್ನು ಏಜೆಂಟರಿಗೆ ಹಿಂದಿರುಗಿಸಿದ್ದೇವೆ. ನಾಲ್ವರಿಗೂ 5 ಲಕ್ಷದ ಫ್ಲೋಟರ್‌ಗೆ ಎರಡು ಕಂಪನಿಗಳ ದರ ಕೇಳಿದ್ದೇವೆ. ಮಗನ ಉಬ್ಬಸವನ್ನು, ವೈದ್ಯರು ಕೊಟ್ಟ ಚೀಟಿಗಳ ಸಮೇತ ಬರೆಯುತ್ತೇವೆ. ನಮ್ಮ ಅತ್ತೆಯವರು ಪಾಂಡವಪುರದ ಬಳಿ ಹಾಲು ಉತ್ಪಾದಕರ ಸಂಘದ ಸದಸ್ಯೆ. ಮದ್ದೂರಿನ ಅಣ್ಣಾ, ಅವರ ಯಶಸ್ವಿನಿ ಕಾರ್ಡಿನಲ್ಲಿ ಮೊಮ್ಮಕ್ಕಳ ಹೆಸರು ಸೇರಿಸಲಾಗುವುದೇ ಎಂದು ಕೇಳಲು ಭಾನುವಾರ ಊರಿಗೆ ಹೋಗುತ್ತಿದ್ದೇವೆ. ಸಂಘದ ಕಾರ್ಯದರ್ಶಿಗೆ ತೋರಿಸಲು ಯಾವ ಯಾವ ಕಾಗದಪತ್ರ ಒಯ್ಯಬೇಕು?